ಮೂರನೇ ತೊಟ್ಟಿಯ ಬೆಸುಗೆ

ಅವಳ ಹೆಸರು ಮಾಲ್‌ಸುನ್.
ಇದೇ ಕೊನೆಯ ಹೆಣ್ಣಾಗಲಿ ಎಂದು
ಕೊರಿಯಾದ ಹಳಬರು ಇಡುತ್ತಿದ್ದ ಹೆಸರು,
ನಮ್ಮಲ್ಲಿ ಸಾಕಮ್ಮ ಎಂದಂತೆ.
ಅವಳಾದ ಮೇಲೂ ಇಬ್ಬರು ಹೆಣ್ಣೇ ಹುಟ್ಟಿದರು,
ಅದು ಬೇರೆ ಮಾತು.

ಗೋಜೆ ದ್ವೀಪ, ಓಕ್ಪೊ ರೇವು.
ಹಡಗುಕಟ್ಟೆಯ ಹಿಂದಿನ ಕಟ್ಟಡ, ಎರಡನೇ ಮಹಡಿ,
ಕ್ಯಾಂಟೀನಿನಿಂದ ಕಡಲಪಾಚಿ ಸಾರಿನ ವಾಸನೆ.
ಅರವತ್ತಮೂರರ ಮಾಲ್‌ಸುನ್
ಚಪ್ಪಲಿ ಬಿಟ್ಟು ಕಾಲುಚೀಲದಲ್ಲೇ ನಿಂತು
ಕೈಗೆ ತಂತಿಯ ಗವಸು, ಕಣ್ಣಿಗೆ ಕಪ್ಪು ಡಬ್ಬಿ
ಕಟ್ಟಿಕೊಂಡದ್ದೇ ತಡ
ಪೆರುವಿನಾಚೆ ಲಂಗರು ಹಾಕಿದ ಹಡಗಿನ
ಹೊಟ್ಟೆಯೊಳಗಿದ್ದಾಳೆ.
ಅಲ್ಲಿ ಇನ್ನೂ ನಿನ್ನೆಯ ರಾತ್ರಿ.

ನಾಲ್ಕು ಆಯಸ್ಕಾಂತದ ಗಾಲಿ, ಒಂದೇ ತೋಳು,
ಅದೇ ಈಗ ಅವಳ ಮೈ.
ಇಲ್ಲಿ ಕೈ ಎತ್ತಿದರೆ ಅಲ್ಲಿ ಅರೆಕ್ಷಣ ತಡೆದು ಏಳುತ್ತದೆ,
ಅತ್ತೆಯ ಮಾತಿಗೆ ಸೊಸೆ ಎದ್ದ ಹಾಗೆ.

ಮನುಷ್ಯರು ಇಳಿಯಬಾರದ ತೊಟ್ಟಿ ಅದು:
ಇದ್ದ ಗಾಳಿಯನ್ನೆಲ್ಲ ತುಕ್ಕೇ ಕುಡಿದಿರುತ್ತದೆ.
ಇಂಥದೇ ಒಂದಕ್ಕೆ ಇಳಿದ ಗೆಳತಿ ಬೊಕ್‌ಜಾ
ಏಣಿಯ ಏಳನೇ ಮೆಟ್ಟಿಲಲ್ಲಿ
ತೂಕಡಿಸಿದವಳಂತೆ ಕೂತುಬಿಟ್ಟಿದ್ದಳು, ಒಂದು ಮೇ ತಿಂಗಳು.
ಈಗ ಇಳಿಯುವುದು ಯಂತ್ರ.
ಉಸಿರೇ ಇಲ್ಲದ್ದಕ್ಕೆ ಉಸಿರು ಕಟ್ಟುವುದೆಲ್ಲಿ?

ಮೇಲೆ, ತೂತಿನ ಬಾಯಲ್ಲಿ, ಟಾರ್ಚು ಹಿಡಿದು ಕೂತವನು
ಇಲೋಯ್ಲೊದ ರೊಡೇಲಿಯೊ, ಎಂಜಿನಿಗೆ ಎಣ್ಣೆ ಬಿಡುವವನು.
ಕೊರಿಯನ್ನರ ಮಾತಿನಲ್ಲಿ ಅವನಿಗೆ ಬರುವುದು ಎರಡೇ:
ನಮಸ್ಕಾರ. ಊಟ ಆಯ್ತಾ?
ಎರಡನ್ನೂ ಯಂತ್ರಕ್ಕೆ ಹೇಳುತ್ತಾನೆ.
ರೂಢಿಯಂತೆ ಅವಳು ತಲೆ ಬಾಗುತ್ತಾಳೆ;
ಅರೆಕ್ಷಣ ಬಿಟ್ಟು ಅಲ್ಲಿ ಕ್ಯಾಮೆರಾ ನೆಲ ನೋಡುತ್ತದೆ.
ಅವನು ನಗುತ್ತಾನೆ. ಅವನೂ ಬಾಗುತ್ತಾನೆ.

ಬಿರುಕು ಮೂವತ್ತೊಂದನೇ ಪಕ್ಕೆಲುಬಿನ ಬುಡದಲ್ಲಿ,
ಕೂದಲೆಳೆಯಷ್ಟು.
ಹತ್ತಿರ ಹೋದಳು. ಇನ್ನೂ ಹತ್ತಿರ.
ನಿಂತಳು.

ಬೆಸುಗೆಗೂ ಕೈಬರಹವಿದೆ.
ಒಬ್ಬರದು ಮೀನಿನ ಹುರುಪೆಯಂತೆ ಒತ್ತೊತ್ತು,
ಒಬ್ಬರದು ಕೌದಿಯ ಹೊಲಿಗೆಯಂತೆ ಬಿಡಿಬಿಡಿ.
ಗೇಣಿಗೊಮ್ಮೆ ತುಸು ಎಡಕ್ಕೆ ವಾಲಿ
ಮತ್ತೆ ದಾರಿಗೆ ಬರುವುದು
ಈ ಲೋಕದಲ್ಲಿ ಒಬ್ಬಳದೇ.

ಇಪ್ಪತ್ತೆರಡು ವರ್ಷ.
ಹಡಗಿಗಾಗ ಹೆಸರಿರಲಿಲ್ಲ, ನಂಬರಿತ್ತು.
ಬೊಕ್‌ಜಾಳನ್ನು ಬೆಂಕಿಗೆ ಕೊಟ್ಟು ಬಂದ ರಾತ್ರಿ,
ಪಾಳಿ ತಪ್ಪಿಸುವಂತಿಲ್ಲ ಎಂದಿದ್ದ ಮೇಸ್ತ್ರಿ.
ಬೆಸುಗೆಯ ಮುಖವಾಡದೊಳಗೆ ಕಣ್ಣೊರೆಸಲು ಬರುವುದಿಲ್ಲ;
ಒಂದೂವರೆ ಗೇಣು ಕಾಣದೆಯೇ ಬೆಸೆದಿದ್ದಳು.
ಇನ್‌ಸ್ಪೆಕ್ಟರು ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿ ಹೋಗಿದ್ದ.
ಕಬ್ಬಿಣ ಇಷ್ಟು ದಿನ
ಬಾಯಿ ಬಿಟ್ಟಿರಲಿಲ್ಲ.

"ಏನಾದರೂ ಕಂಡಿತಾ?" ಪರದೆಯ ಮುಂದಿನ ಹುಡುಗ ಹ್ಯೋಗ್ಯು.
"ಕಂಡಿತು. ಬೆಸುಗೆಯ ದೋಷ, ಬರೆದುಕೋ."
"ಕಾರಣ?"
"ಬೆಸೆದವಳು."
ಪಟ್ಟಿಯಲ್ಲಿ ಆ ಸಾಲಿರಲಿಲ್ಲ,
ಹುಡುಗ 'ಇತರೆ' ಒತ್ತಿದ.

ಹಳೆಯದನ್ನು ಕೆತ್ತಿ ತೆಗೆದಾಯಿತು, ಹೊಸದು ಶುರು.
ಮೂವತ್ತು ವರ್ಷ ಗ್ರೈಂಡರ್ ಹಿಡಿದ ಬೆರಳು
ಈಗ ಸುಮ್ಮನಿರಲಾರವು.
ಸಾಫ್ಟ್‌ವೇರು ಆ ನಡುಕವನ್ನು ಜರಡಿ ಹಿಡಿದು
ಮನಸ್ಸಿನಲ್ಲಿದ್ದುದನ್ನಷ್ಟೇ ಕಡಲು ದಾಟಿಸುತ್ತದೆ.
ಗೆರೆ ಎಳೆದಂಥ ಬೆಸುಗೆ.
ಯಾರದೂ ಅಲ್ಲದ್ದು.

ಕೊನೆಯ ಗೇಣಿಗೆ ಬಂದಾಗ ಅಂದಳು:
"ಜರಡಿ ತೆಗಿ."
"ಚಿಕ್ಕಮ್ಮಾ, ಅದಕ್ಕೆ ಬೀಗ ಇದೆ. ಕೀಲಿ ನನ್ನ ಹತ್ತಿರ ಇಲ್ಲ."
"ಸರಿ."

ಮತ್ತೆ ಬಾಗಿದಳು. ಕಿಡಿ ಎದ್ದಿತು.
ಗೇಣು ತುಂಬುವಲ್ಲಿ ಬೇಕೆಂದೇ
ತುಸು ಎಡಕ್ಕೆ ವಾಲಿ
ಮತ್ತೆ ದಾರಿಗೆ ಬಂದಳು.
ಇದು ನಡುಕವಲ್ಲವಲ್ಲ,
ಜರಡಿ ದಾಟಿಯೇ ದಾಟಿತು.

ಡಬ್ಬಿ ಬಿಚ್ಚಿದಾಗ ಕಿಟಕಿಯಲ್ಲಿ ನಡುಹಗಲು.
ಸ್ಪೀಕರಿನಲ್ಲಿ, ಅರೆಕ್ಷಣ ತಡವಾಗಿ,
ನಿನ್ನೆಯಿಂದ ಒಬ್ಬ ಕೇಳುತ್ತಿದ್ದಾನೆ
ಊಟ ಆಯ್ತಾ ಎಂದು.
ಚಪ್ಪಲಿ ಹುಡುಕುತ್ತ ಅವಳು
ಇನ್ನೂ ಇಲ್ಲ ಅಂದಳು.